ತಂತ್ರಜ್ಞಾನ ಸಂಸ್ಥೆಗಳ ಕ್ರಯವಿಕ್ರಯ

ತಂತ್ರಾಂಶ, ಅಂತರಜಾಲ, ದೂರಸಂಪರ್ಕ ಮೊದಲಾದ ಕ್ಷೇತ್ರಗಳಲ್ಲಿ ತೊಡಗಿರುವ ಸಂಸ್ಥೆಗಳ ಒಡೆತನವು, ಪೂರ್ಣವಾಗಿಯಾಗಲಿ ಅಂಶತಃ ಆಗಲಿ, ಬೆಲೆಗೆ ಪ್ರತಿಯಾಗಿ ಒಬ್ಬರಿಂದ ಮತ್ತೊಬ್ಬರಿಗೆ ಸಲ್ಲುವ ವ್ಯವಹಾರಗಳೆಲ್ಲವೂ ಈ ಶೀರ್ಷಿಕೆಯಲ್ಲಿ ಅಡಗುತ್ತವೆ. ಗಿರಣಿಯೊಂದನ್ನು ಕೊಂಡವನಿಗೆ ಕಟ್ಟಡವೂ ಯಂತ್ರಗಳೂ ದಾಸ್ತಾನೂ ಕಣ್ಣಿಗೆ ಕಾಣುವಂತೆ ದೊರೆಯುತ್ತವೆ. ತಂತ್ರಾಂಶ ಸಂಸ್ಥೆಯೊಂದನ್ನು ಕೊಂಡವನಿಗಾದರೋ ಪ್ರಧಾನವಾಗಿ ದೊರೆಯುವುದು ಬರೆದಿಟ್ಟ ಸಂಕೇತಾವಳಿ, ಗ್ರಾಹಕರೊಡನೆ ಏರ್ಪಟ್ಟ ಕರಾರುಗಳು, ಹೆಸರಿಗಿರುವ ಪ್ರತಿಷ್ಠೆ ಮತ್ತು ನಾಳೆಯೂ ಕೆಲಸಕ್ಕೆ ಬರುವರೆಂದು ನಂಬಲಾದ ಕುಶಲಿಗಳ ಸಮೂಹ. ಕೊಳ್ಳಲ್ಪಡುವ ವಸ್ತುವಿನ ಬಹುಭಾಗವು ಹೀಗೆ ಅಮೂರ್ತವಾದುದರಿಂದಲೇ ಈ ಪೇಟೆಯಲ್ಲಿ ಬೆಲೆಗಳು ಅತಿಶೀಘ್ರವಾಗಿ ಏರಿಳಿಯುತ್ತವೆ. ಅದರಿಂದಲೇ ಸತ್ಯವನ್ನು ಮುಚ್ಚಿಡದೆ ತಿಳಿಸುವ ಕರ್ತವ್ಯಕ್ಕೆ ಇಲ್ಲಿ ಅಸಾಧಾರಣವಾದ ಮಹತ್ವವುಂಟು. ಭಾರತದಲ್ಲಿ ಇಂಥ ಸಂಸ್ಥೆಗಳು ಹುಟ್ಟಿ ಬೆಳೆದ ಕ್ಷೇತ್ರಗಳಲ್ಲಿ ಬೆಂಗಳೂರೂ, ಗುರುಗ್ರಾಮ ಮತ್ತು ನೋಯ್ಡಾಗಳನ್ನೊಳಗೊಂಡ ದೆಹಲಿ ರಾಜಧಾನಿ ಪ್ರದೇಶವೂ ಪ್ರಮುಖವಾದವು.

ರಾಜಧಾನಿಯ ಸ್ಥಾನ

ನವದೆಹಲಿಯ ಚಾಣಕ್ಯಪುರಿಯು ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ವಿದೇಶಗಳ ರಾಯಭಾರ ಕಚೇರಿಗಳಿಗಾಗಿ ನಿರ್ಮಾಣವಾದ ಬಡಾವಣೆ. ಇಲ್ಲಿನ ಶಾಂತಿಪಥದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಜಪಾನ್, ನೆದರ್ಲೆಂಡ್ಸ್ ದೇಶಗಳ ಕಚೇರಿಗಳಿವೆ. ಸಿಂಗಪುರದ ಹೈಕಮಿಷನ್ ಚಂದ್ರಗುಪ್ತ ಮಾರ್ಗದಲ್ಲಿದೆ. ಸಂಸ್ಥೆಗಳ ಮಾರಾಟದ ಮಾತುಕತೆ ಈ ಬೀದಿಗಳಲ್ಲಿ ನಡೆಯುವುದೆಂದು ಭಾವಿಸಲಾಗದು. ಆದರೆ ಭಾರತೀಯ ತಂತ್ರಜ್ಞಾನ ಸಂಸ್ಥೆಗಳನ್ನು ಕೊಂಡ ಪ್ರಮುಖ ವಿದೇಶೀ ಉದ್ಯಮಗಳಲ್ಲಿ ಹಲವು ಈ ಪಥದಲ್ಲಿ ಧ್ವಜವುಳ್ಳ ದೇಶಗಳವೇ ಆಗಿರುವುದರಿಂದಲೂ, ಅಂಥ ಖರೀದಿಗಳಿಗೆ ಸಂಬಂಧಿಸಿದ ತೆರಿಗೆಯ ಒಪ್ಪಂದಗಳೂ ಬಂಡವಾಳ ರಕ್ಷಣೆಯ ಸಂಧಿಗಳೂ ರಾಜತಾಂತ್ರಿಕ ಸಂಬಂಧಗಳ ಅಂಗಗಳಾಗಿರುವುದರಿಂದಲೂ ಈ ಬಡಾವಣೆಗೂ ಪ್ರಸ್ತುತ ವಿಷಯಕ್ಕೂ ಸಂಬಂಧವುಂಟಾಗಿದೆ. ಭಾರತ ಸ್ಪರ್ಧಾ ಆಯೋಗ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಪ್ರಧಾನ ಪೀಠ, ಸರ್ವೋಚ್ಚ ನ್ಯಾಯಾಲಯ ಇವೆಲ್ಲವೂ ನವದೆಹಲಿಯಲ್ಲಿಯೇ ಇರುವುದರಿಂದ, ಬೆಂಗಳೂರಿನ ಕೋರಮಂಗಲದಲ್ಲಿ ಹುಟ್ಟಿದ ಉದ್ಯಮವೊಂದರ ಮಾರಾಟವೂ ಕೊನೆಗೆ ರಾಜಧಾನಿಯ ಅನುಮತಿಗಾಗಿ ಕಾಯಬೇಕಾಗಬಹುದು.

ಬಡಾವಣೆಗೆ ಹೆಸರಾದ ಚಾಣಕ್ಯನ ಗ್ರಂಥವೆಂದು ಪ್ರಸಿದ್ಧವಾದ ‘ಅರ್ಥಶಾಸ್ತ್ರ’ವು ಆಧುನಿಕ ಲೋಕಕ್ಕೆ ದೊರೆತುದು ಮೈಸೂರಿನಿಂದ. ಅಲ್ಲಿನ ಪ್ರಾಚ್ಯ ಗ್ರಂಥಾಲಯದ ವಿದ್ವಾಂಸರಾದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಅದರ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಮೂಲವನ್ನೂ, 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ಮನೆ ಹೊಲಗಳ ಮಾರಾಟದ ವಿಧಿಯನ್ನು ಹೇಳುವಾಗ, ಜ್ಞಾತಿಗಳು, ನೆರೆಯವರು, ಸಾಲ ಕೊಟ್ಟವರು ಇವರಿಗೆ ಅನುಕ್ರಮವಾಗಿ ಕೊಳ್ಳುವ ಮೊದಲ ಹಕ್ಕನ್ನು ಕೊಟ್ಟಿದೆ. ಬೆಲೆಯನ್ನು ನೆರೆಹೊರೆಯವರ ಸಮಕ್ಷಮ ಮೂರು ಬಾರಿ ಸಾರಬೇಕೆಂದು ವಿಧಿಸಿದೆ. ಅದೇ ಅಧಿಕರಣದ ಮುಂದಿನ ಭಾಗವೊಂದರಲ್ಲಿ, ಕೊಂಡ ಸರಕನ್ನು ಹಿಂದಿರುಗಿಸಲು ವರ್ತಕರಿಗೆ ಒಂದು ರಾತ್ರಿಯ, ಕೃಷಿಕರಿಗೆ ಮೂರು ರಾತ್ರಿಗಳ ಅವಧಿಯನ್ನು ಗೊತ್ತುಮಾಡಿದೆ. ಇಂದಿನ ಷೇರುದಾರರ ಒಪ್ಪಂದಗಳಲ್ಲಿ ಹಳೆಯ ಪಾಲುದಾರರಿಗೆ ಮೀಸಲಾಗಿರುವ ಪ್ರಥಮ ಖರೀದಿಯ ಹಕ್ಕೂ, ಬಹಿರಂಗ ಪ್ರಕಟಣೆಯ ನಿಯಮವೂ, ಕರಾರಿನಿಂದ ಹಿಂದೆ ಸರಿಯಲು ಇರುವ ಕಾಲಮಿತಿಯೂ ವ್ಯಾಪಾರಧರ್ಮದ ಬಹು ಪ್ರಾಚೀನವಾದ ಚಿಂತೆಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇತಿಹಾಸ

1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಅಧಿನಿಯಮದ ಮೇರೆಗೆ ದೊಡ್ಡ ಉದ್ಯಮಗಳ ವಿಲೀನಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಗಿದ್ದಿತು. 1973ರ ವಿದೇಶೀ ವಿನಿಮಯ ಕಾನೂನು ವಿದೇಶೀ ಕಂಪನಿಗಳು ತಮ್ಮ ಪಾಲನ್ನು ತಗ್ಗಿಸಬೇಕೆಂದು ವಿಧಿಸಿದಾಗ, ಅದಕ್ಕೊಪ್ಪದ ಐಬಿಎಂ ಸಂಸ್ಥೆಯು 1978ರಲ್ಲಿ ದೇಶವನ್ನು ಬಿಟ್ಟಿತು. ಅದು ಇಲ್ಲಿ ಬಿಟ್ಟುಹೋದ ಗಣಕಯಂತ್ರಗಳ ಪಾಲನೆಯ ಹೊಣೆ ಸರ್ಕಾರಿ ಸ್ವಾಮ್ಯದ ಸಿಎಂಸಿಯ ಪಾಲಿಗೆ ಬಂದಿತು. ರೈಲ್ವೆಯ ಆಸನಗಳನ್ನು ಗಣಕದ ಮೂಲಕ ಕಾದಿರಿಸುವ ವ್ಯವಸ್ಥೆಯನ್ನು 1980ರ ದಶಕದಲ್ಲಿ ಮೊದಲು ದೆಹಲಿಯಲ್ಲಿ ಸಿದ್ಧಪಡಿಸಿದ ಕೀರ್ತಿ ಈ ಸಂಸ್ಥೆಯದು. 1991ರ ಆರ್ಥಿಕ ಸುಧಾರಣೆಯಲ್ಲಿ ವಿಲೀನಗಳ ಪೂರ್ವಾನುಮತಿಯ ನಿಯಮ ರದ್ದಾದ ತರುವಾಯವೇ ನಮ್ಮಲ್ಲಿ ಸಂಸ್ಥೆಗಳ ಪೇಟೆಯೆಂಬುದು ನಿಜವಾಗಿ ತೆರೆಯಿತು. 2001ರಲ್ಲಿ ಸರ್ಕಾರವೇ ಮಾರಾಟಗಾರನಾಗಿ ನಿಂತು ಸಿಎಂಸಿಯ ಶೇಕಡಾ 51ರ ಪಾಲನ್ನು 152 ಕೋಟಿ ರೂಪಾಯಿಗಳಿಗೆ ಟಾಟಾ ಸಮೂಹಕ್ಕೆ ಕೊಟ್ಟಿತು. 2015ರಲ್ಲಿ ಆ ಸಂಸ್ಥೆಯು ಅದೇ ಸಮೂಹದ ಟಿಸಿಎಸ್‌ನಲ್ಲಿ ಲೀನವಾಯಿತು.

ಹೊರದೇಶಗಳ ಗ್ರಾಹಕರಿಗೆ ದೂರವಾಣಿಯ ಮೂಲಕ ಸೇವೆ ಒದಗಿಸುವ ಉದ್ಯಮವು ರಾಜಧಾನಿ ಪ್ರದೇಶದಲ್ಲಿ ಬೆಳೆದಾಗ, ಅಲ್ಲಿನ ಸ್ಪೆಕ್ಟ್ರಾಮೈಂಡ್ ಸಂಸ್ಥೆಯನ್ನು 2002ರಲ್ಲಿ ಬೆಂಗಳೂರಿನ ವಿಪ್ರೊ ಕೊಂಡಿತು. ಗುರುಗ್ರಾಮದ ದಕ್ಷ್ ಸಂಸ್ಥೆಯನ್ನು 2004ರಲ್ಲಿ, ಕಾಲು ಶತಮಾನದ ಹಿಂದೆ ದೇಶ ಬಿಟ್ಟಿದ್ದ ಅದೇ ಐಬಿಎಂ ಕೊಂಡಿತು. ಬೆಂಗಳೂರಿನ ಎಂಫಸಿಸ್ ಸಂಸ್ಥೆಯ ಬಹುಪಾಲು ಷೇರುಗಳು 2006ರಲ್ಲಿ ಅಮೆರಿಕದ ಇಡಿಎಸ್‌ಗೆ ಸೇರಿ, 2008ರಲ್ಲಿ ಇಡಿಎಸ್‌ಅನ್ನೇ ಎಚ್‌ಪಿ ಕೊಂಡುದರಿಂದ ಅದರ ವಶವಾಗಿ, 2016ರಲ್ಲಿ ಬ್ಲಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆಗೆ ಮಾರಾಟವಾದವು. ಸುಮಾರು ಹತ್ತು ವರ್ಷಗಳಲ್ಲಿ ಮೂರು ಒಡೆಯರನ್ನು ಕಂಡರೂ ಸಂಸ್ಥೆಯು ತನ್ನ ಹೆಸರನ್ನೂ ಬೆಂಗಳೂರಿನ ನೆಲೆಯನ್ನೂ ಉಳಿಸಿಕೊಂಡುದು ಗಮನಾರ್ಹ. ಇವೆಲ್ಲಕ್ಕೂ ಮೊದಲೇ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಸಂಗಡಿಗನೊಡನೆ ಸ್ಥಾಪಿಸಿದ್ದ ಹಾಟ್‌ಮೇಲ್ 1997ರ ಕೊನೆಯಲ್ಲಿ ಸುಮಾರು 40 ಕೋಟಿ ಡಾಲರುಗಳಿಗೆ ಮೈಕ್ರೊಸಾಫ್ಟ್‌ಗೆ ಮಾರಾಟವಾದ ವಾರ್ತೆಯು, ಉದ್ಯಮವನ್ನು ಕಟ್ಟಿ ಮಾರುವುದೂ ಒಂದು ಜೀವನೋಪಾಯವೆಂಬ ಭಾವನೆಯನ್ನು ಇಲ್ಲಿಯ ತರುಣರಲ್ಲಿ ಬಿತ್ತಿತು. 2013ರಲ್ಲಿ ಬೆಂಗಳೂರಿನ ರೆಡ್‌ಬಸ್ ಗುರುಗ್ರಾಮದ ಇಬಿಬೊ ಸಮೂಹಕ್ಕೆ ಸೇರಿತು. 2014ರಲ್ಲಿ ಲಿಟಲ್ ಐ ಲ್ಯಾಬ್ಸ್ ಎಂಬ ಬೆಂಗಳೂರಿನ ಪುಟ್ಟ ಸಂಸ್ಥೆಯನ್ನು ಫೇಸ್‌ಬುಕ್ ಕೊಂಡಿತು. ಅದೇ ವರ್ಷ ಫ್ಲಿಪ್‌ಕಾರ್ಟ್ ಮಿಂತ್ರಾವನ್ನು ತನ್ನದಾಗಿಸಿಕೊಂಡಿತು. 2021ರಲ್ಲಿ ಬಿಗ್‌ಬ್ಯಾಸ್ಕೆಟ್‌ನ ಬಹುಪಾಲು ಟಾಟಾ ಸಮೂಹಕ್ಕೆ ಬಂದಿತು.

ವ್ಯವಹಾರದ ಕ್ರಮ

ಕೊಳ್ಳುವ ರೀತಿಗಳು ಮುಖ್ಯವಾಗಿ ಮೂರು. ಷೇರುಗಳನ್ನು ಕೊಂಡರೆ ಸಂಸ್ಥೆಯು ತನ್ನ ಸಾಲ, ವ್ಯಾಜ್ಯ, ಕರಾರುಗಳ ಸಮೇತ ಹೊಸ ಒಡೆಯನಿಗೆ ಸೇರುತ್ತದೆ. ವ್ಯವಹಾರದ ಒಂದು ವಿಭಾಗವನ್ನು ಮಾತ್ರ ಬಿಡಿಸಿ ಕೊಳ್ಳುವುದು ಎರಡನೆಯದು. 2024ರಲ್ಲಿ ನೋಯ್ಡಾದ ಪೇಟಿಎಂ ಚಲಚ್ಚಿತ್ರ ಮತ್ತು ಮನರಂಜನೆಯ ಟಿಕೆಟ್ ಮಾರಾಟದ ತನ್ನ ಉದ್ಯಮವನ್ನು 2,048 ಕೋಟಿ ರೂಪಾಯಿಗಳಿಗೆ ಗುರುಗ್ರಾಮದ ಜೊಮ್ಯಾಟೊಗೆ ಕೊಟ್ಟುದು ಇದಕ್ಕೆ ನಿದರ್ಶನ. ಮೂರನೆಯದಾದ ವಿಲೀನದಲ್ಲಿ ಒಂದು ಸಂಸ್ಥೆಯು ಮತ್ತೊಂದರಲ್ಲಿ ಸೇರಿ ತನ್ನ ಪ್ರತ್ಯೇಕ ಅಸ್ತಿತ್ವವನ್ನು ಕಳೆದುಕೊಳ್ಳುತ್ತದೆ. ಬೆಲೆಯನ್ನು ಹಣದ ರೂಪದಲ್ಲಿಯೇ ಕೊಡಬೇಕೆಂಬ ನಿಯಮವಿಲ್ಲ. 2020ರ ಜನವರಿಯಲ್ಲಿ ಊಬರ್ ಈಟ್ಸ್‌ನ ಭಾರತೀಯ ವ್ಯವಹಾರವನ್ನು ಜೊಮ್ಯಾಟೊ ಕೊಂಡಾಗ, ಪ್ರತಿಫಲವಾಗಿ ತನ್ನಲ್ಲಿಯೇ ಶೇಕಡಾ 9.99ರ ಪಾಲನ್ನು ಊಬರ್‌ಗೆ ಕೊಟ್ಟಿತು; 2022ರಲ್ಲಿ 4,447 ಕೋಟಿ ರೂಪಾಯಿ ಮೌಲ್ಯಕ್ಕೆ ಬ್ಲಿಂಕಿಟ್ಅನ್ನು ಕೊಂಡಾಗಲೂ ಷೇರುಗಳನ್ನೇ ಕೊಟ್ಟಿತು.

ಮಾತುಕತೆಯು ಗೋಪ್ಯತೆಯ ಕರಾರಿನಿಂದ ಆರಂಭವಾಗಿ, ಬೆಲೆ ಮತ್ತು ಮುಖ್ಯ ಷರತ್ತುಗಳನ್ನು ಸೂಚಿಸುವ ಟರ್ಮ್ ಶೀಟ್‌ಗೆ ಮುಂದುವರಿದು, ಡ್ಯೂ ಡಿಲಿಜೆನ್ಸ್ ಎಂದು ಕರೆಯಲಾಗುವ ಸಮಗ್ರ ಪರಿಶೋಧನೆಯನ್ನು ತಲಪುತ್ತದೆ. ತಂತ್ರಜ್ಞಾನ ಸಂಸ್ಥೆಯ ಪರಿಶೋಧನೆಯಲ್ಲಿ ಲೆಕ್ಕಪತ್ರಗಳಷ್ಟೇ ಸೂಕ್ಷ್ಮವಾಗಿ ನೋಡತಕ್ಕ ವಿಷಯಗಳು ಬೇರೆಯೂ ಉಂಟು: ಸಂಕೇತಾವಳಿಯನ್ನು ಬರೆದ ನೌಕರರೂ ಗುತ್ತಿಗೆದಾರರೂ ತಮ್ಮ ಹಕ್ಕನ್ನು ಲಿಖಿತವಾಗಿ ಸಂಸ್ಥೆಗೆ ಬಿಟ್ಟುಕೊಟ್ಟಿರುವರೇ, ಮುಕ್ತ ತಂತ್ರಾಂಶಗಳನ್ನು ಬಳಸಿರುವಲ್ಲಿ ಅವುಗಳ ಪರವಾನಗಿಯ ಷರತ್ತುಗಳನ್ನು ಪಾಲಿಸಲಾಗಿದೆಯೇ, ಒಡೆತನ ಬದಲಾದಾಗ ಕರಾರನ್ನು ರದ್ದುಪಡಿಸುವ ಅಧಿಕಾರ ಗ್ರಾಹಕರಿಗಿದೆಯೇ, ಬಳಕೆದಾರರ ವೈಯಕ್ತಿಕ ಮಾಹಿತಿಯನ್ನು ಅವರ ಸಮ್ಮತಿಯಿಂದಲೇ ಸಂಗ್ರಹಿಸಲಾಗಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯದೆ ವಿವೇಕಿಯಾದ ಗಿರಾಕಿ ಮುಂದುವರಿಯುವುದಿಲ್ಲ. ಕ್ರಯಪತ್ರವಾದ ಮೇಲೆಯೂ ಬೆಲೆಯ ಒಂದು ಭಾಗವನ್ನು ಮೂರನೆಯವರ ವಶದಲ್ಲಿಡುವ ಎಸ್ಕ್ರೊ ಏರ್ಪಾಡು, ಮುಂದಿನ ವರ್ಷಗಳ ಸಾಧನೆಯನ್ನು ನೋಡಿ ಉಳಿದ ಭಾಗವನ್ನು ಸಲ್ಲಿಸುವ ಕರಾರು, ಸ್ಥಾಪಕರು ಇಂತಿಷ್ಟು ಕಾಲ ಕೆಲಸದಲ್ಲಿ ಉಳಿಯಬೇಕೆಂಬ ಷರತ್ತು ಇವು ಬಳಕೆಯಲ್ಲಿವೆ. ವೃತ್ತಿಯನ್ನು ನಿರ್ಬಂಧಿಸುವ ಕರಾರುಗಳು 1872ರ ಭಾರತೀಯ ಕರಾರು ಅಧಿನಿಯಮದ 27ನೆಯ ಪ್ರಕರಣದ ಮೇರೆಗೆ ಅಸಿಂಧುವಾದರೂ, ಉದ್ಯಮದ ಪ್ರತಿಷ್ಠೆಯನ್ನೇ ಮಾರಿದವನು ಯುಕ್ತವಾದ ಪ್ರದೇಶಮಿತಿಯೊಳಗೆ ಅದೇ ಉದ್ಯಮವನ್ನು ಮತ್ತೆ ನಡೆಸೆನೆಂದು ಒಪ್ಪಿಕೊಳ್ಳಲು ಅದೇ ಪ್ರಕರಣವು ಅವಕಾಶವಿತ್ತಿದೆ.

ಬೆಲೆಯ ನಿರ್ಣಯ

ಮುಂದಿನ ವರ್ಷಗಳಲ್ಲಿ ಬರಬಹುದಾದ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ನೋಡುವುದು, ಸಮಾನ ಸಂಸ್ಥೆಗಳು ತಮ್ಮ ವರಮಾನದ ಎಷ್ಟು ಪಟ್ಟಿಗೆ ಮಾರಾಟವಾಗಿವೆಯೆಂದು ತುಲನೆ ಮಾಡುವುದು, ನಿವ್ವಳ ಆಸ್ತಿಯನ್ನು ಎಣಿಸುವುದು ಇವು ಮೌಲ್ಯಮಾಪನದ ಪ್ರಚಲಿತ ಮಾರ್ಗಗಳು. ಇವುಗಳಲ್ಲಿ ಮೊದಲಿನದು ಭವಿಷ್ಯದ ಊಹೆಯನ್ನೂ ಎರಡನೆಯದು ಪೇಟೆಯ ಮನೋಭಾವವನ್ನೂ ಅವಲಂಬಿಸಿರುವುದರಿಂದ, ಲಾಭವನ್ನು ಇನ್ನೂ ಕಾಣದ ಸಂಸ್ಥೆಗಳ ವಿಷಯದಲ್ಲಿ ನಿಶ್ಚಯವಾದ ಬೆಲೆಯೆಂಬುದು ದುರ್ಲಭ. ರಾಜಧಾನಿ ಪ್ರದೇಶದ ಸ್ನ್ಯಾಪ್‌ಡೀಲ್ 2015ರಲ್ಲಿ ಸುಮಾರು 40 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತೆಂದು ವರದಿಯಾದ ಫ್ರೀಚಾರ್ಜ್ ಸಂಸ್ಥೆಯನ್ನು ಎರಡೇ ವರ್ಷಗಳ ತರುವಾಯ ಆಕ್ಸಿಸ್ ಬ್ಯಾಂಕ್ 385 ಕೋಟಿ ರೂಪಾಯಿಗಳಿಗೆ, ಎಂದರೆ ಮೊದಲ ಬೆಲೆಯ ಆರರಲ್ಲೊಂದು ಭಾಗಕ್ಕಿಂತಲೂ ಕಡಿಮೆಗೆ, ಪಡೆಯಿತು. ಅದೇ 2017ರಲ್ಲಿ ಸ್ನ್ಯಾಪ್‌ಡೀಲ್ಅನ್ನು ಕೊಳ್ಳಲು ಫ್ಲಿಪ್‌ಕಾರ್ಟ್ ತಿಂಗಳುಗಟ್ಟಲೆ ನಡೆಸಿದ ಮಾತುಕತೆ ಜುಲೈ ಕೊನೆಯಲ್ಲಿ ಮುರಿದುಬಿದ್ದಿತು.

ಲೆಕ್ಕಪತ್ರಗಳೇ ಸುಳ್ಳಾದಾಗ ಬೆಲೆಯ ಗತಿ ಏನಾಗುವುದೆಂಬುದಕ್ಕೆ ಹೈದರಾಬಾದಿನ ಸತ್ಯಂ ಸಂಸ್ಥೆಯ ಪ್ರಸಂಗಕ್ಕಿಂತ ದೊಡ್ಡ ಪಾಠ ಭಾರತದಲ್ಲಿಲ್ಲ. 2009ರ ಜನವರಿ 7ರಂದು ಅದರ ಅಧ್ಯಕ್ಷರು ವಂಚನೆಯನ್ನು ಒಪ್ಪಿಕೊಂಡ ಬಳಿಕ ಕೇಂದ್ರ ಸರ್ಕಾರವು ಹಳೆಯ ಆಡಳಿತ ಮಂಡಳಿಯನ್ನು ತೆಗೆದು ಹೊಸದನ್ನು ನೇಮಿಸಿತು. ಏಪ್ರಿಲ್ ತಿಂಗಳಲ್ಲಿ ನಡೆದ ಹರಾಜಿನಲ್ಲಿ ಟೆಕ್ ಮಹೀಂದ್ರ ಷೇರೊಂದಕ್ಕೆ 58 ರೂಪಾಯಿಗಳಂತೆ ಕೂಗಿ ಗೆದ್ದಿತು. ಆಸ್ತಿಯ ಲೆಕ್ಕವೇ ನಂಬಲರ್ಹವಲ್ಲದ ಸಂಸ್ಥೆಗೂ ಗಿರಾಕಿಗಳು ದೊರೆತುದಕ್ಕೆ, ನಿಷ್ಠೆಯಿಂದ ಕೆಲಸದಲ್ಲಿ ಉಳಿದ ಸಾವಿರಾರು ನೌಕರರೂ ಅವರನ್ನು ನಂಬಿ ಉಳಿದ ಗ್ರಾಹಕರೂ ಕಾರಣರು.

ಕಾನೂನಿನ ಚೌಕಟ್ಟು

2013ರ ಕಂಪನಿಗಳ ಅಧಿನಿಯಮದ 230ನೆಯ ಪ್ರಕರಣ ಮೊದಲ್ಗೊಂಡು ವಿಲೀನಗಳ ನಿಯಮಗಳಿವೆ. ವಿಲೀನದ ಯೋಜನೆಗೆ ಸಭೆಯಲ್ಲಿ ಮತವಿತ್ತ ಷೇರುದಾರರಲ್ಲಿಯೂ ಸಾಲಿಗರಲ್ಲಿಯೂ ಮೌಲ್ಯದ ಮುಕ್ಕಾಲು ಪಾಲುಳ್ಳ ಬಹುಸಂಖ್ಯಾತರು ಒಪ್ಪಬೇಕು; ತರುವಾಯ ಕಂಪನಿ ಕಾನೂನು ನ್ಯಾಯಮಂಡಳಿಯು ಮಂಜೂರಾತಿ ನೀಡಬೇಕು. ಈ ಅಧಿಕಾರವು ಉಚ್ಚ ನ್ಯಾಯಾಲಯಗಳಿಂದ ನ್ಯಾಯಮಂಡಳಿಗೆ ಬಂದುದು 2016ರ ಡಿಸೆಂಬರ್‌ನಲ್ಲಿ. ಷೇರುಪೇಟೆಯಲ್ಲಿ ನೋಂದಾಯಿತವಾದ ಸಂಸ್ಥೆಯಲ್ಲಿ ಶೇಕಡಾ 25 ಅಥವಾ ಅದಕ್ಕೆ ಮಿಕ್ಕ ಮತಾಧಿಕಾರವನ್ನು ಪಡೆಯುವವನು, ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯ 2011ರ ನಿಯಮಾವಳಿಯ ಪ್ರಕಾರ, ಉಳಿದ ಷೇರುದಾರರಿಂದ ಕನಿಷ್ಠಪಕ್ಷ ಇನ್ನೂ ಶೇಕಡಾ 26ರಷ್ಟು ಷೇರುಗಳನ್ನು ಕೊಳ್ಳುವ ಬಹಿರಂಗ ಕೊಡುಗೆಯನ್ನು ಮುಂದಿಡಬೇಕು. ದೊಡ್ಡ ಪಾಲುದಾರನಿಗೆ ದೊರೆತ ಒಳ್ಳೆಯ ಬೆಲೆಯಲ್ಲಿ ಚಿಕ್ಕವರಿಗೂ ಭಾಗವಿರಬೇಕೆಂಬ ನ್ಯಾಯ ಈ ವಿಧಿಗೆ ಮೂಲ.

2002ರ ಸ್ಪರ್ಧಾ ಅಧಿನಿಯಮದಲ್ಲಿ ಸಂಯೋಜನೆಗಳನ್ನು, ಎಂದರೆ ಸಂಸ್ಥೆಗಳ ಖರೀದಿ ಮತ್ತು ವಿಲೀನಗಳನ್ನು, ಪರಿಶೀಲಿಸುವ ಭಾಗವು 2011ರ ಜೂನ್ 1ರಿಂದ ಜಾರಿಗೆ ಬಂದಿತು. ಆಸ್ತಿ ಮತ್ತು ವಹಿವಾಟಿನ ಪ್ರಮಾಣವನ್ನಷ್ಟೇ ನೋಡುತ್ತಿದ್ದ ಹಳೆಯ ಮಾನದಂಡದಿಂದ, ವಹಿವಾಟು ಅಲ್ಪವಾಗಿದ್ದರೂ ಅಪಾರ ಬೆಲೆಗೆ ಮಾರಾಟವಾಗುವ ಅಂತರಜಾಲ ಸಂಸ್ಥೆಗಳು ಪರಿಶೀಲನೆಗೆ ಸಿಲುಕದೆ ಹೋಗುತ್ತಿದ್ದುವು. ಈ ಕೊರತೆಯನ್ನು ನೀಗಲು 2023ರಲ್ಲಿ ತಿದ್ದುಪಡಿಯಾಗಿ, ಮೌಲ್ಯವು 2,000 ಕೋಟಿ ರೂಪಾಯಿಗಳನ್ನು ಮೀರಿದ, ಭಾರತದಲ್ಲಿ ಗಣನೀಯ ವ್ಯವಹಾರವುಳ್ಳ ಸಂಸ್ಥೆಗಳ ಖರೀದಿಯನ್ನು ಸ್ಪರ್ಧಾ ಆಯೋಗಕ್ಕೆ ತಿಳಿಸುವುದು 2024ರ ಸೆಪ್ಟೆಂಬರ್ 10ರಿಂದ ಕಡ್ಡಾಯವಾಯಿತು. ತೀರ್ಮಾನದ ಗರಿಷ್ಠ ಅವಧಿಯು 210 ದಿನಗಳಿಂದ 150ಕ್ಕೆ ಇಳಿಯಿತು. ಅನುಮತಿ ದೊರೆತ ಮಾತ್ರಕ್ಕೆ ಮಾರಾಟ ಸಿದ್ಧಿಸುವುದೆಂದು ಹೇಳಲಾಗದು. ನೆದರ್ಲೆಂಡ್ಸ್‌ನ ಪ್ರೋಸಸ್ ಸಂಸ್ಥೆಯು ಬಿಲ್‌ಡೆಸ್ಕ್ಅನ್ನು 470 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ 2021ರ ಆಗಸ್ಟ್‌ನಲ್ಲಿ ಸಾರಿ, 2022ರ ಸೆಪ್ಟೆಂಬರ್‌ನಲ್ಲಿ ಆಯೋಗದ ಒಪ್ಪಿಗೆ ಪಡೆದರೂ, ಕೆಲವು ಷರತ್ತುಗಳು ಗೊತ್ತಾದ ದಿನದೊಳಗೆ ಪೂರ್ಣವಾಗಲಿಲ್ಲವೆಂದು ಅಕ್ಟೋಬರ್‌ನಲ್ಲಿ ಕರಾರನ್ನು ಕೈಬಿಟ್ಟಿತು.

ತೆರಿಗೆಯ ವಿಷಯದಲ್ಲಿ ದೀರ್ಘವಾದ ವಿವಾದಕ್ಕೆ ಕಾರಣವಾದುದು ವೊಡಾಫೋನ್ ಪ್ರಕರಣ. 2007ರಲ್ಲಿ ಆ ಸಂಸ್ಥೆಯು ಕೇಮನ್ ದ್ವೀಪಗಳ ಕಂಪನಿಯೊಂದರ ಷೇರನ್ನು ಕೊಂಡು, ತನ್ಮೂಲಕ ಭಾರತದ ಹಚಿಸನ್ ಎಸ್ಸಾರ್ ಮೊಬೈಲ್ ಉದ್ಯಮದ ಹತೋಟಿಯನ್ನು ಪಡೆದಾಗ, ಆದಾಯ ತೆರಿಗೆ ಇಲಾಖೆಯು ಇಲ್ಲಿಯ ತೆರಿಗೆಯನ್ನು ಕೇಳಿತು. 2012ರ ಜನವರಿ 20ರಂದು ಸರ್ವೋಚ್ಚ ನ್ಯಾಯಾಲಯವು ಸಂಸ್ಥೆಯ ಪರವಾಗಿ ತೀರ್ಪಿತ್ತರೂ, ಅದೇ ವರ್ಷ ಸಂಸತ್ತು ಕಾನೂನನ್ನು ಪೂರ್ವಾನ್ವಯವಾಗುವಂತೆ ತಿದ್ದಿತು. ನೆದರ್ಲೆಂಡ್ಸ್‌ನೊಡನೆ ಭಾರತ ಮಾಡಿಕೊಂಡಿದ್ದ ಬಂಡವಾಳ ರಕ್ಷಣಾ ಸಂಧಿಯ ಮೇರೆಗೆ ನಡೆದ ಅಂತರರಾಷ್ಟ್ರೀಯ ಪಂಚಾಯಿತಿಯಲ್ಲಿ 2020ರಲ್ಲಿ ತೀರ್ಮಾನವು ಭಾರತದ ವಿರುದ್ಧವಾಯಿತು. 2021ರಲ್ಲಿ ಹಿಂದಿನ ವ್ಯವಹಾರಗಳ ಮೇಲಿನ ಆ ಹೊರೆಯನ್ನು ಸಂಸತ್ತೇ ತೆಗೆದುಹಾಕಿತು. ರಾಜ್ಯವು ತನಗೆ ನ್ಯಾಯವಾಗಿ ಸಲ್ಲತಕ್ಕ ತೆರಿಗೆಯನ್ನು ಮುಂಚಿತವಾಗಿ ಸ್ಪಷ್ಟಪಡಿಸಿದ್ದರೆ ಹದಿನಾಲ್ಕು ವರ್ಷಗಳ ಈ ಆಯಾಸ ಉಭಯಪಕ್ಷಗಳಿಗೂ ತಪ್ಪುತ್ತಿತ್ತು.

ಬೆಂಗಳೂರಿನ ಎರಡು ಪ್ರಸಂಗಗಳು

2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಪುಸ್ತಕಗಳ ಮಾರಾಟಕ್ಕಾಗಿ ಆರಂಭಿಸಿದ ಫ್ಲಿಪ್‌ಕಾರ್ಟ್‌ನ ಸುಮಾರು ಶೇಕಡಾ 77ರ ಪಾಲನ್ನು 2018ರ ಮೇ 9ರಂದು ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಸ್ಪರ್ಧಾ ಆಯೋಗವು ಆಗಸ್ಟ್ 8ರಂದು ಒಪ್ಪಿತು. ಮಾರಾಟವಾದ ಷೇರುಗಳು ಸಿಂಗಪುರದಲ್ಲಿ ನೋಂದಾಯಿತವಾದ ಮಾತೃಸಂಸ್ಥೆಯವು. ಬೆಂಗಳೂರಿನ ದುಡಿಮೆಯಿಂದ ಬೆಳೆದ ಸಂಸ್ಥೆಯ ಒಡೆತನವು ಸಿಂಗಪುರದ ಕಾಗದದಲ್ಲಿದ್ದು ಅಮೆರಿಕದವರಿಗೆ ಸೇರಿ ದೆಹಲಿಯ ಅನುಮತಿಯನ್ನು ಪಡೆದ ಈ ವ್ಯವಹಾರದಲ್ಲಿ ಪ್ರಸ್ತುತ ಪೇಟೆಯ ಸಂಪೂರ್ಣ ಸ್ವರೂಪವನ್ನು ಕಾಣಬಹುದು. ಸ್ಥಾಪಕರಲ್ಲೊಬ್ಬರಾದ ಸಚಿನ್ ಬನ್ಸಲ್ ತಮ್ಮ ಪಾಲನ್ನೆಲ್ಲ ಮಾರಿ ಹೊರಬಂದರು. ಷೇರಿನ ಹಕ್ಕನ್ನು ಪಡೆದಿದ್ದ ನೌಕರರಿಗೂ ಈ ಮಾರಾಟದಿಂದ ಹಣ ದೊರೆಯಿತು.

ಮೈಂಡ್‌ಟ್ರೀಯ ಪ್ರಸಂಗವು ಬೇರೊಂದು ಬಗೆಯದು. 1999ರಲ್ಲಿ ಅಶೋಕ್ ಸೂತ, ಸುಬ್ರತೊ ಬಾಗ್ಚಿ, ಕೃಷ್ಣಕುಮಾರ್ ನಟರಾಜನ್ ಮೊದಲಾದವರು ಬೆಂಗಳೂರಿನಲ್ಲಿ ಕಟ್ಟಿದ ಈ ಸಂಸ್ಥೆಗೆ ಆರಂಭದ ಬಂಡವಾಳವಿತ್ತವರಲ್ಲಿ ಚಿಕ್ಕಮಗಳೂರಿನ ಕಾಫಿ ಉದ್ಯಮಿ ವಿ. ಜಿ. ಸಿದ್ಧಾರ್ಥ ಅವರೂ ಒಬ್ಬರು. 2019ರ ಮಾರ್ಚ್ 18ರಂದು ಲಾರ್ಸನ್ ಅಂಡ್ ಟುಬ್ರೊ ಸಂಸ್ಥೆಯು ಸಿದ್ಧಾರ್ಥ ಅವರ ಶೇಕಡಾ 20.32ರ ಪಾಲನ್ನು ಷೇರಿಗೆ 980 ರೂಪಾಯಿಗಳಂತೆ ಕೊಳ್ಳಲು ಒಪ್ಪಂದ ಮಾಡಿಕೊಂಡು, ಅದೇ ಬೆಲೆಗೆ ಮತ್ತೂ ಶೇಕಡಾ 31ಕ್ಕೆ ಬಹಿರಂಗ ಕೊಡುಗೆಯನ್ನು ಮುಂದಿಟ್ಟಿತು. ಶೇಕಡಾ 13ರಷ್ಟು ಮಾತ್ರ ಪಾಲಿದ್ದ ಸ್ಥಾಪಕರು ಬಹಿರಂಗವಾಗಿ ವಿರೋಧಿಸಿದರು. ಸ್ವತಂತ್ರ ನಿರ್ದೇಶಕರ ಸಮಿತಿಯು ಬೆಲೆ ನ್ಯಾಯವಾದುದೆಂದು ಅಭಿಪ್ರಾಯಪಟ್ಟಿತು. ಜೂನ್ ತಿಂಗಳ ಕೊನೆಯ ವೇಳೆಗೆ ಖರೀದಿದಾರನ ಪಾಲು ಶೇಕಡಾ 60ನ್ನು ಮುಟ್ಟಿತು. ಆಡಳಿತದಲ್ಲಿದ್ದ ಸ್ಥಾಪಕರು ಜುಲೈಯಲ್ಲಿ ರಾಜೀನಾಮೆ ಕೊಟ್ಟರು. 2022ರ ನವೆಂಬರ್‌ನಲ್ಲಿ ಸಂಸ್ಥೆಯು ಖರೀದಿದಾರ ಸಮೂಹದ ಇನ್ನೊಂದು ಕಂಪನಿಯೊಡನೆ ಕೂಡಿ ಎಲ್‌ಟಿಐಮೈಂಡ್‌ಟ್ರೀ ಆಯಿತು. ಸಂಸ್ಥೆಯನ್ನು ಕಟ್ಟಿದವರಿಗೂ ಅದರ ಷೇರುಗಳನ್ನು ಹೊಂದಿದವರಿಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಯಿತು. ಕಾನೂನು ಷೇರುದಾರನ ಮತವನ್ನು ಎಣಿಸುತ್ತದೆ. ಇಪ್ಪತ್ತು ವರ್ಷಗಳ ಪರಿಶ್ರಮವನ್ನು ಎಣಿಸುವ ಮಾನ ಅದರಲ್ಲಿಲ್ಲ.

ನೌಕರರು ಮತ್ತು ಸಾರ್ವಜನಿಕ ಹಿತ

ಉದ್ಯಮದ ಒಡೆತನ ಬದಲಾದಾಗ ಕಾರ್ಮಿಕನ ಸೇವೆ ಅಖಂಡವಾಗಿ, ಮೊದಲಿಗಿಂತ ಕೀಳಲ್ಲದ ಷರತ್ತುಗಳ ಮೇಲೆ ಮುಂದುವರಿಯಬೇಕು, ಇಲ್ಲವಾದರೆ ಅವನಿಗೆ ಪರಿಹಾರ ಸಲ್ಲಬೇಕು ಎಂಬ ತತ್ತ್ವವನ್ನು ಭಾರತದ ಕೈಗಾರಿಕಾ ಕಾನೂನು ಬಹುಕಾಲದಿಂದ ಅಂಗೀಕರಿಸಿದೆ. ಆದರೆ ಆಡಳಿತ ಮತ್ತು ಮೇಲ್ವಿಚಾರಣೆಯ ಹುದ್ದೆಗಳಲ್ಲಿರುವವರಿಗೆ ಈ ರಕ್ಷಣೆ ಸಾಮಾನ್ಯವಾಗಿ ದೊರೆಯದು. ತಂತ್ರಜ್ಞಾನ ಸಂಸ್ಥೆಗಳಲ್ಲಿಯಾದರೋ ಅಂಥವರ ಸಂಖ್ಯೆ ಬಹಳ. ಷೇರಿನ ಹಕ್ಕನ್ನು ಪಡೆದ ನೌಕರನಿಗೂ ಮಾರಾಟದ ಸಂದರ್ಭದಲ್ಲಿ ದೊರೆಯುವ ಮೊತ್ತವು ಅವನು ಸೇರುವಾಗ ಸಹಿ ಮಾಡಿದ ಯೋಜನೆಯ ಅಕ್ಷರಗಳನ್ನೂ, ಹೂಡಿಕೆದಾರರು ಮೊದಲು ಹಣ ಪಡೆಯುವ ಆದ್ಯತೆಯ ಷರತ್ತನ್ನೂ ಅವಲಂಬಿಸಿರುತ್ತದೆ. ಈ ಷರತ್ತುಗಳನ್ನು ನೌಕರನಿಗೆ ಅವನು ತಿಳಿಯುವ ಮಾತಿನಲ್ಲಿ ಮೊದಲೇ ವಿವರಿಸುವುದು ಸಂಸ್ಥೆಗಳ ಕರ್ತವ್ಯವಾಗಬೇಕು.

ಈ ಪೇಟೆಯಿಂದ ಲೋಕಕ್ಕಾಗುವ ಉಪಕಾರ ಸಾಮಾನ್ಯವಾದುದಲ್ಲ. ಮಾರಿ ಹೊರಬಂದವರ ಹಣವೂ ಅನುಭವವೂ ಹೊಸ ಉದ್ಯಮಗಳಿಗೆ ಬೀಜವಾಗುತ್ತವೆ. ಒಬ್ಬಂಟಿಯಾಗಿ ಬಾಳಲಾರದ ಸಂಸ್ಥೆ ಬಲಶಾಲಿಯ ಆಶ್ರಯದಲ್ಲಿ ಉಳಿಯುತ್ತದೆ. ಆದರೆ ಪ್ರತಿಸ್ಪರ್ಧಿಯನ್ನು ಕೊಂಡು ಮುಚ್ಚುವ ದುರುದ್ದೇಶಕ್ಕೂ, ಬಳಕೆದಾರರ ಮಾಹಿತಿಯನ್ನು ಅವರರಿಯದೆ ಕೈ ಬದಲಾಯಿಸುವ ಅನ್ಯಾಯಕ್ಕೂ ಇದೇ ಪೇಟೆ ದಾರಿಯಾಗಬಲ್ಲುದು. ಆದುದರಿಂದ ಮಾರಾಟವೊಂದರ ಗುಣವನ್ನು ಅದರ ಬೆಲೆಯ ಗಾತ್ರದಿಂದ ಅಳೆಯುವುದು ಸಾಲದು. ಮಾರಿದವನು ತಿಳಿದುದನ್ನೆಲ್ಲ ತಿಳಿಸಿದನೇ, ಚಿಕ್ಕ ಷೇರುದಾರನಿಗೆ ದೊಡ್ಡವನಿಗೆ ಸಂದ ಬೆಲೆಯೇ ಸಂದಿತೇ, ದುಡಿದವರ ಪಾಲು ಅವರಿಗೆ ಮುಟ್ಟಿತೇ, ಕೊಂಡ ಮೇಲೆ ಗ್ರಾಹಕರಿಗೆ ಆಯ್ಕೆ ಉಳಿಯಿತೇ ಎಂಬ ನಾಲ್ಕನ್ನೂ ವಿಚಾರಿಸಬೇಕು. ಭಾರತದ ಕಾನೂನು ಇವುಗಳಲ್ಲಿ ಎರಡನೆಯದನ್ನು ನೋಂದಾಯಿತ ಸಂಸ್ಥೆಗಳ ಮಟ್ಟಿಗೆ ಚೆನ್ನಾಗಿಯೂ, ಮೊದಲನೆಯದನ್ನೂ ನಾಲ್ಕನೆಯದನ್ನೂ ತಕ್ಕಮಟ್ಟಿಗೂ ಕಾಪಾಡುತ್ತಿದೆ. ಮೂರನೆಯದು ಇನ್ನೂ ಬಹುಮಟ್ಟಿಗೆ ಕರಾರು ಬರೆಯುವವರ ಸೌಜನ್ಯಕ್ಕೆ ಬಿಟ್ಟ ವಿಷಯವಾಗಿದೆ. ಜನರ ಬುದ್ಧಿಯೇ ಆಸ್ತಿಯಾಗಿರುವ ಉದ್ಯಮದಲ್ಲಿ ಆ ಜನರ ಹಿತವನ್ನು ಕಾನೂನಿನ ಭದ್ರತೆಗೆ ತರುವುದು ಮುಂದಿನ ಸುಧಾರಣೆಯ ಮೊದಲ ಕೆಲಸವಾಗತಕ್ಕದ್ದು.